ಬ್ಯಾಕ್‌ಟೆಸ್ಟ್‌ನಲ್ಲಿ ಶಾರ್ಪ್ 4.1, ಪೇಪರ್ ಟ್ರೇಡಿಂಗ್‌ನಲ್ಲಿ ಬರೀ ಲಾಸ್

ರಾಗಿಮುದ್ದೆ_ಆಲ್ಗೋ
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನಿಫ್ಟಿ ಫ್ಯೂಚರ್ಸ್‌ಗೆ (ಷೇರುಗಳಲ್ಲ, ನಿಫ್ಟಿ ಇಂಡೆಕ್ಸ್ ಮೇಲಿನ ಮುಂಗಡ ಒಪ್ಪಂದ) ಪೈಥಾನ್‌ನಲ್ಲಿ ಒಂದು ಸ್ಟ್ರಾಟಜಿ ಬರೆದಿದ್ದೇನೆ, ಮೂವಿಂಗ್ ಆವರೇಜ್ (ಇತ್ತೀಚಿನ ಬೆಲೆಗಳ ಸರಾಸರಿ) ಅಷ್ಟೇ, ದೊಡ್ಡ ವಿದ್ಯೆ ಏನಿಲ್ಲ. ಎರಡು ವರ್ಷದ ಡೇಟಾ ಮೇಲೆ ಓಡಿಸಿದರೆ (ಅದೇ ಬ್ಯಾಕ್‌ಟೆಸ್ಟ್) ಗ್ರಾಫ್ ಏಣಿ ಹತ್ತಿದ ಹಾಗೆ ಹೋಗುತ್ತದೆ, ಶಾರ್ಪ್ (ರಿಸ್ಕ್‌ಗೆ ಹೋಲಿಸಿದರೆ ಲಾಭ ಎಷ್ಟು ಅನ್ನುವ ಅಂಕೆ) 4.1. ಅದೇ ಕೋಡ್ ಪೇಪರ್ ಟ್ರೇಡಿಂಗ್‌ಗೆ (ನಿಜವಾದ ದುಡ್ಡಿಲ್ಲದೆ ಇವತ್ತಿನ ಮಾರ್ಕೆಟ್‌ನಲ್ಲಿ ಓಡಿಸುವುದು) ಹಾಕಿದೆ, 14 ದಿನದಲ್ಲಿ 10 ದಿನ ಲಾಸ್. ಕೋಡ್ ನಾಲ್ಕು ಸಲ ನೋಡಿದೆ, ಏನೂ ತಪ್ಪಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಮೈಸೂರುಪಾಕ್_99
ಸರ್ವೈವರ್‌ಶಿಪ್ ಬಯಾಸ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಇವತ್ತಿನ ನಿಫ್ಟಿ 50 ಪಟ್ಟಿ ಹಿಡಿದು ಹಳೇ ವರ್ಷಗಳಿಗೆ ಓಡಿಸಿದರೆ ಬಿದ್ದುಹೋದ ಷೇರುಗಳು ಲೆಕ್ಕಕ್ಕೇ ಬರುವುದಿಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಹೊರಗೆ ಹೋಗಿ ಶ್ರೀ ಸಿಮೆಂಟ್ ಬಂತಲ್ಲ, ಹಾಗೆ. ಯಾವ ತಾರೀಖಿನ ಪಟ್ಟಿ ನಿಮ್ಮದು?

ಕುಂದಾಪುರ_ಕೋಡರ್
ಅವರು ಇಂಡೆಕ್ಸ್ ಫ್ಯೂಚರ್ಸ್ ಅಂದಿದ್ದಾರೆ ಮಾರಾಯ್ರೇ, ಷೇರು ಆರಿಸುವುದೇ ಇಲ್ಲ, ಪಟ್ಟಿ ಎಲ್ಲಿಂದ ಬಂತು?

ಮೈಸೂರುಪಾಕ್_99
ಇಂಡೆಕ್ಸ್ ಷೇರುಗಳಿಂದಲೇ ಆಗಿದ್ದು ಅಲ್ವಾ.

ಜಯನಗರ_4ನೇ_ಬ್ಲಾಕ್
ಖರ್ಚು ಹಾಕಿದ್ದೀರಾ? 2024ರ ಅಕ್ಟೋಬರ್‌ನಲ್ಲೇ ಫ್ಯೂಚರ್ಸ್ ಮೇಲಿನ ಎಸ್‌ಟಿಟಿ (ವಹಿವಾಟಿನ ತೆರಿಗೆ) 0.0125ರಿಂದ 0.02 ಪರ್ಸೆಂಟ್‌ಗೆ ಏರಿತು. ನಾನಂತೂ ಮನೆಯಲ್ಲೇ 64 ಜಿಬಿ ರ‍್ಯಾಮ್‌ನ ಮೆಷಿನ್, ಎರಡು ಯುಪಿಎಸ್, ಎರಡು ಕಂಪನಿಯ ಫೈಬರ್ ಇಟ್ಟುಕೊಂಡಿದ್ದೇನೆ, ಕರೆಂಟ್ ಹೋದರೂ ಒಂದು ಟಿಕ್ (ಬೆಲೆಯ ಒಂದೊಂದು ಬದಲಾವಣೆ) ತಪ್ಪುವುದಿಲ್ಲ.

ಕುಂದಾಪುರ_ಕೋಡರ್
ಮೂವಿಂಗ್ ಆವರೇಜ್‌ಗೆ 64 ಜಿಬಿ! ಇರಲಿ. ರಾಗಿಮುದ್ದೆಯವರೇ, ಎಷ್ಟು ನಿಮಿಷದ ಕ್ಯಾಂಡಲ್ (ಅಷ್ಟು ಹೊತ್ತಿನ ಬೆಲೆಯ ಸಾರಾಂಶ)?

ರಾಗಿಮುದ್ದೆ_ಆಲ್ಗೋ
ಎಂಟ್ರಿ 5 ನಿಮಿಷದಲ್ಲಿ, ಟ್ರೆಂಡ್ 15 ನಿಮಿಷದಲ್ಲಿ. ಎಲ್ಲರೂ ಮಾಡುವುದೇ ಅಲ್ವಾ ಅಂತ ಬರೆಯಲಿಲ್ಲ. 5 ನಿಮಿಷದ ಡೇಟಾನೇ ಪಾಂಡಾಸ್‌ನಲ್ಲಿ (ಪೈಥಾನ್‌ನ ಡೇಟಾ ಲೈಬ್ರರಿ) ರೀಸ್ಯಾಂಪಲ್ ಮಾಡಿ 15 ನಿಮಿಷಕ್ಕೆ ಒಟ್ಟುಗೂಡಿಸಿ, ವಾಪಸ್ ಜೋಡಿಸಿ ಎಫ್‌ಫಿಲ್ (ಖಾಲಿ ಸಾಲಿಗೆ ಹಿಂದಿನ ಬೆಲೆಯನ್ನೇ ತುಂಬುವುದು) ಹಾಕಿದ್ದೇನೆ.

ಕುಂದಾಪುರ_ಕೋಡರ್
ಇದನ್ನು ಮೊದಲೇ ಹೇಳಬಾರದಿತ್ತಾ! ನೀವು ಬೇರೆ ಏನೂ ಹೇಳದಿದ್ದರೆ ರೀಸ್ಯಾಂಪಲ್ 15 ನಿಮಿಷದ ಕ್ಯಾಂಡಲ್‌ಗೆ ಶುರುವಾದ ಹೊತ್ತನ್ನೇ ಹೆಸರಾಗಿ ಇಡುತ್ತದೆ. 9:15 ಅಂತ ಇರುವುದು ಮುಗಿಯುವುದು 9:30ಕ್ಕೆ. ಅದನ್ನು 5 ನಿಮಿಷದ 9:15ರ ಸಾಲಿಗೆ ಜೋಡಿಸಿದಿರಿ, ಆ ಸಾಲು ಮುಗಿಯುವುದು 9:20ಕ್ಕೆ. ಅಂದರೆ 9:20ಕ್ಕೇ ನಿಮ್ಮ ಕೋಡ್‌ಗೆ 9:30ರ ಕ್ಲೋಸ್ (ಕೊನೆಯ ಬೆಲೆ) ಗೊತ್ತು. ಹತ್ತು ನಿಮಿಷದ ಭವಿಷ್ಯ ಪುಕ್ಕಟೆ! ಲೈವ್‌ನಲ್ಲಿ ಅದನ್ನು ಯಾರು ಕೊಡುತ್ತಾರೆ? 15 ನಿಮಿಷದ ಟೇಬಲ್‌ಗೆ ಶಿಫ್ಟ್(1) ಹಾಕಿ ಒಂದು ಸಾಲು ಕೆಳಗೆ ಸರಿಸಿ, ಆಮೇಲೆ ಜೋಡಿಸಿ. ಜೋಡಿಸಿದ ಮೇಲೆ ಶಿಫ್ಟ್ ಮಾಡಿದರೆ ಸರಿಯುವುದು 5 ನಿಮಿಷ ಮಾತ್ರ, ಅರ್ಧ ಮೋಸ ಹಾಗೇ ಉಳಿಯುತ್ತದೆ.

ಹುಬ್ಬಳ್ಳಿ_ಹೆಡ್ಜ್
ಗಂಟೆ ಕ್ಯಾಂಡಲ್ ಮಾಡೋರೂ ಹುಷಾರ್ ರೀ. ಮಾರ್ಕೆಟ್ ಶುರುವಾಗೋದು 9:15ಕ್ಕೆ, ಆಫ್‌ಸೆಟ್ (ಕ್ಯಾಂಡಲ್ ಶುರುವಾಗೋ ಹೊತ್ತನ್ನ ಸರಿಸೋದು) 15 ನಿಮಿಷ ಕೊಡದಿದ್ದರೆ ಮೊದಲನೇದು 9:00 ಅಂತ ಬರುತ್ತದೆ, ಒಳಗಿರುವುದು 45 ನಿಮಿಷದ ಡೇಟಾ.

ಜಯನಗರ_4ನೇ_ಬ್ಲಾಕ್
ಅದಕ್ಕೇ ನಾನು ಟಿಕ್ ಡೇಟಾ ನಾನೇ ಶೇಖರಿಸುವುದು. 8 ಟಿಬಿ ಆಗಿದೆ.

ಹುಬ್ಬಳ್ಳಿ_ಹೆಡ್ಜ್
ಲಾಭ ಎಷ್ಟಾಗೇದ್ರಿ?

ರಾಗಿಮುದ್ದೆ_ಆಲ್ಗೋ
ಶಿಫ್ಟ್ ಹಾಕಿದೆ. ಶಾರ್ಪ್ 4.1 ಇದ್ದದ್ದು 0.3ಕ್ಕೆ ಇಳಿಯಿತು. ಎಸ್‌ಟಿಟಿ, ಬ್ರೋಕರೇಜ್ ಸೇರಿಸಿದರೆ ಮೈನಸ್. ಕೆಲಸ ಬಿಡುತ್ತೇನೆ ಅಂತ ಹೆಂಡತಿಗೆ ಹೇಳಿ ಆಗಿತ್ತು. ಈಗ 15ರ ಬದಲು 30 ನಿಮಿಷ ಹಾಕಿ ನೋಡಲಾ?

ಕುಂದಾಪುರ_ಕೋಡರ್
ಸಂಖ್ಯೆ ತಿರುಗಿಸುತ್ತಾ ಹೋದರೆ ಹಳೇ ಡೇಟಾದಲ್ಲಿ ಯಾವುದೋ ಒಂದು ಚೆನ್ನಾಗಿ ಕಾಣಿಸಿಯೇ ಕಾಣಿಸುತ್ತದೆ. ಕೊನೆಯ ಆರು ತಿಂಗಳ ಡೇಟಾ ಮುಟ್ಟದೆ ಪಕ್ಕಕ್ಕಿಡಿ, ಎಲ್ಲ ಮುಗಿದ ಮೇಲೆ ಅದರ ಮೇಲೆ ಪರೀಕ್ಷಿಸಿ. ಕೆಲಸ ಬಿಡಬೇಡಿ.

ಮೈಸೂರುಪಾಕ್_99
ಪಟ್ಟಿ ಯಾವ ತಾರೀಖಿನದು ಅಂತ ಇನ್ನೂ ಹೇಳಲಿಲ್ಲ.