ಪೆನ್ಸಿಲ್ವೇನಿಯಾಕ್ಕೆ ಬಂದ ಜರ್ಮನ್ ಪೂರ್ವಜ: ಒಂದೇ ಹೆಸರಿನ ಹಲವರಲ್ಲಿ ನಮ್ಮವರು ಯಾರು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಪತಿ ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಮನೆತನದವರು. ಮೂಲಪುರುಷ ಯೋಹಾನ್ ಮ್ಯೂಲರ್ 1750ರ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ಹಡಗಿನಿಂದ ಇಳಿದರೆಂದು ಮನೆಯಲ್ಲಿ ಹೇಳುತ್ತಾರೆ. ಹಡಗಿನ ಪಟ್ಟಿಗಳಲ್ಲಿ ಆ ಹೆಸರಿನವರು ಹಲವರಿದ್ದಾರೆ. ಯಾರ ಊರೂ ಇಲ್ಲ, ಹೆಂಡತಿಯ ಹೆಸರೂ ಇಲ್ಲ. ಜರ್ಮನಿಯಲ್ಲಿ ಎಲ್ಲಿ ಹುಡುಕಬೇಕು?

ಉತ್ತರ: ನಮಸ್ಕಾರ ಮೇಡಂ. ಜರ್ಮನಿಯನ್ನು ಸದ್ಯಕ್ಕೆ ಮರೆತುಬಿಡಿ. ನೀವು ನೋಡಿರುವುದು ಬಹುಮಟ್ಟಿಗೆ ಪ್ರಮಾಣವಚನದ ಪಟ್ಟಿ. 1727ರಿಂದ ಪೆನ್ಸಿಲ್ವೇನಿಯಾ ಆಡಳಿತವು ಹೊರನಾಡಿನಿಂದ ಬಂದ, 16 ತುಂಬಿದ ಗಂಡಸರಿಂದ ಬ್ರಿಟನ್ನಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿಸಿ ಸಹಿ ಪಡೆಯುತ್ತಿದ್ದುದರಿಂದ, ಹೆಂಗಸರ ಹೆಸರು ಅದರಲ್ಲಿ ಇರಬೇಕಾಗಿರಲಿಲ್ಲ. ಹಡಗು ರೋಟರ್‌ಡ್ಯಾಮ್‌ನಿಂದ ಹೊರಟು ಇಂಗ್ಲೆಂಡಿನ ಕೌಸ್ ಬಂದರನ್ನು ಮುಟ್ಟಿ ಬಂತೆಂಬುದು ಅಲ್ಲಿ ಸಿಗಬಹುದೇ ಹೊರತು, ಬಂದವನು ಯಾವ ಹಳ್ಳಿಯವನೆಂಬುದು ಸಾಮಾನ್ಯವಾಗಿ ಸಿಗುವುದಿಲ್ಲ.

ಯೋಹಾನ್ ಎಂಬ ಹೆಸರನ್ನೂ ನೆಚ್ಚಿಕೊಳ್ಳಬೇಡಿ. ಒಂದೇ ಮನೆಯ ಗಂಡುಮಕ್ಕಳಿಗೆಲ್ಲ ಯೋಹಾನ್ ಎಂದು ಮೊದಲ ಹೆಸರಿಟ್ಟು, ಎರಡನೆಯ ಹೆಸರಿನಿಂದ ಕರೆಯುವುದು ಅವರಲ್ಲಿ ರೂಢಿಯಾಗಿತ್ತು. ತೊಟ್ಟಿಲಲ್ಲಿಟ್ಟ ಹೆಸರೊಂದು, ಕೂಗುವ ಹೆಸರೊಂದು ಎಂಬುದು ನಮಗೇನೂ ಹೊಸದಲ್ಲವಷ್ಟೆ. ಯೋಹಾನ್ ಗೆಯೋರ್ಗ್ ಮ್ಯೂಲರ್ ಎಂಬವರು ತೆರಿಗೆ ಪಟ್ಟಿಯಲ್ಲಿ ಜಾರ್ಜ್ ಮಿಲ್ಲರ್ ಆಗಿರಬಹುದು.

ಗುರುತು ಹಿಡಿಯಲು ಸಹಿಯೇ ಒಳ್ಳೆಯ ಆಧಾರ. ಓದುಬರಹ ಬಲ್ಲವರು ಜರ್ಮನ್ ಮೋಡಿಯಲ್ಲಿ ತಾವೇ ಬರೆದಿದ್ದಾರೆ. ಬಾರದವರ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಅದರ ನಡುವೆ ಅವರು ಹಾಕಿದ ಗುರುತು ಮಾತ್ರ ಇದೆ. ಈ ಸಹಿಗಳ ಪಡಿಯಚ್ಚು 1934ರಲ್ಲಿ ಪ್ರಕಟವಾಗಿದೆ. ಅವನ್ನು ನಿಮ್ಮವರ ಉಯಿಲಿನ ಸಹಿಯೊಂದಿಗೆ ಹೋಲಿಸಿ ನೋಡಿ.

ಮರುಪ್ರಶ್ನೆ: ಸರ್, ಉಯಿಲಿನಲ್ಲಿ ಬರೀ ಅಡ್ಡಗೀಟಿನ ಗುರುತಿದೆ. ಹಾಗಾದರೆ ಅವರು ಅನಕ್ಷರಸ್ಥರೇ?

ಉತ್ತರ: ಹಾಗೆಂದು ತೀರ್ಮಾನಿಸಬೇಡಿ ಮೇಡಂ. ಸಾವಿನ ಹಾಸಿಗೆಯಲ್ಲಿ ಕೈ ನಡುಗುವವರೂ ಗೀಟು ಹಾಕಿರುತ್ತಾರೆ. ಅವರು ಆರೋಗ್ಯವಾಗಿದ್ದಾಗ ಸಹಿ ಮಾಡಿದ ಬೇರೆ ಕಾಗದ, ಉದಾಹರಣೆಗೆ ನೆರೆಯವರ ಉಯಿಲಿಗೆ ಹಾಕಿದ ಸಾಕ್ಷಿ ಸಹಿ, ಇದೆಯೇ ನೋಡಿ. ಜೊತೆಗೆ ಪೆನ್ಸಿಲ್ವೇನಿಯಾದಲ್ಲಿ ಅವರು ನೆಲೆಸಿದ ಊರಿನ ಲೂಥೆರನ್ ಮತ್ತು ರಿಫಾರ್ಮ್ಡ್ ಎಂಬ ಪ್ರಾಟೆಸ್ಟೆಂಟ್ ಪಂಗಡಗಳ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳನ್ನು ತೆರೆಯಿರಿ. ಮಗುವಿನ ತಾಯಿಯ, ಅಂದರೆ ಮ್ಯೂಲರ್ ಅವರ ಹೆಂಡತಿಯ, ಹೆಸರು ಅಲ್ಲಿ ಸಿಗುವ ಸಂಭವ ಹೆಚ್ಚು. ಮಗುವಿನ ಜ್ಞಾನ ತಂದೆತಾಯಿಗಳ (ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರ) ಹೆಸರನ್ನು ಅದಕ್ಕಿಂತ ಮುಖ್ಯವೆಂದು ನಾನು ಎಣಿಸುತ್ತೇನೆ, ಏಕೆಂದರೆ ಅವರು ಹೆಚ್ಚಾಗಿ ಬಂಧುಗಳು ಅಥವಾ ಹಿಂದಿನ ಊರಿನವರೇ ಆಗಿರುತ್ತಿದ್ದರು. ಅವರಲ್ಲೊಬ್ಬರ ಹಳ್ಳಿ ತಿಳಿದರೆ, ಅಲ್ಲಿನ ಚರ್ಚಿನ ಪುಸ್ತಕದಲ್ಲಿ ನಿಮ್ಮ ಮ್ಯೂಲರ್ ಅವರನ್ನು ಹುಡುಕಿ. ಕೆಲವು ಪಾದ್ರಿಗಳು ಊರು ಬಿಟ್ಟವರ ಹೆಸರಿನ ಪಕ್ಕದಲ್ಲಿ ‘ಪೆನ್ಸಿಲ್ವೇನಿಯಾಕ್ಕೆ ಹೋದರು’ ಎಂದು ಬರೆದಿಟ್ಟಿದ್ದಾರೆ.