ಕಪ್ಪೆಯ ಹೃದಯವನ್ನು ಹಿಂದಿನಿಂದಲೂ ತೋರಿಸಬೇಕು, ಹೇಗೆ?

ಪ್ರಶ್ನೆ: ಪಿಯು ಜೀವಶಾಸ್ತ್ರ ಉಪನ್ಯಾಸಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯು ಮಕ್ಕಳಿಗೆ ಕಪ್ಪೆಯ ಪಾಠ ನಡೀತಾ ಇದೆ. ಕಳೆದ ವಾರ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಸೈನಸ್ ವಿನೋಸಸ್ ಈ ಚಿತ್ರದಲ್ಲಿ ಯಾಕೆ ಕಾಣ್ತಿಲ್ಲ?" ಅದು, ಅಂದರೆ ಮೈಯ ರಕ್ತ ಬಂದು ಸೇರುವ ಚೀಲ, ಹೃದಯದ ಬೆನ್ನಿನ ಕಡೆ ಇರುತ್ತದೆ, ಚಿತ್ರ ಹೊಟ್ಟೆಯ ಕಡೆಯಿಂದ ಬರೆದದ್ದು ಅಂದೆ. ಅವಳು ಪುಸ್ತಕದ ಹಾಳೆಯನ್ನೇ ತಿರುವಿ ನೋಡಿದಳು. ನನಗೆ ಹೊಟ್ಟೆ ಚುರ್ ಅಂತು.

ನಾನು ಬಿಎಸ್ಸಿಯಲ್ಲಿ ಮೇಣದ ಟ್ರೇ ಮೇಲೆ ಕಪ್ಪೆ ಕೊಯ್ದವಳು. ಎದೆ ತೆರೆದ ಮೇಲೂ ಹೃದಯ ಬಡಿಯುತ್ತಲೇ ಇತ್ತು. ಆ ರಾತ್ರಿ ಊಟ ಸೇರಲಿಲ್ಲ. ನನ್ನ ಮಕ್ಕಳ ಕೈಯಲ್ಲಿ ಅದನ್ನು ಮಾಡಿಸುವ ಆಸೆ ಖಂಡಿತ ಇಲ್ಲ. ಆದರೆ ಹೃದಯವನ್ನು ಇಕ್ಕಳದಲ್ಲಿ ಮೆಲ್ಲಗೆ ಎತ್ತಿ ಹಿಂಬದಿ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಅದನ್ನು ಇವರಿಗೆ ಹೇಗೆ ಕೊಡಲಿ? 38 ಮಕ್ಕಳು, ಒಂದು ಪ್ರೊಜೆಕ್ಟರ್, ನೆಟ್ ಬಂದರೆ ಬಂತು.

ಉತ್ತರ 1: ನಿವೃತ್ತ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ, ಧಾರವಾಡ

ಮೇಡಂ, ನೀವು ಹುಡುಕಬೇಕಾದದ್ದು ವಿಡಿಯೊ ಅಲ್ಲ, ತಿರುಗಿಸಬಹುದಾದ 3ಡಿ ಮಾದರಿ. ಸ್ಕೆಚ್‌ಫ್ಯಾಬ್ ಅನ್ನುವ 3ಡಿ ಮಾದರಿಗಳ ಜಾಲತಾಣದಲ್ಲಿ ಕಪ್ಪೆಯ ಒಳರಚನೆ ಅಂತ ಇಂಗ್ಲಿಷಿನಲ್ಲಿ ಹುಡುಕಿ. ಮೊಬೈಲಿನಲ್ಲೇ ಬೆರಳಿಂದ ತಿರುಗಿಸಬಹುದು. ತರಗತಿಗೆ ಒಯ್ಯುವ ಮುಂಚೆ ಒಂದು ಪರೀಕ್ಷೆ ಮಾಡಿ: ಹೃದಯದ ಹಿಂದೆ ಸೈನಸ್ ವಿನೋಸಸ್, ಮುಂದೆ ಕೋನಸ್ ಆರ್ಟೀರಿಯೋಸಸ್ (ಹೃದಯದಿಂದ ರಕ್ತ ಹೊರಹೋಗುವ ನಾಳ) ಇದೆಯಾ? ಇಲ್ಲದಿದ್ದರೆ ಬಿಟ್ಟುಬಿಡಿ. ನೋಡಲು ಚೆಂದ ಇದ್ದು, ಒಳಗೆ ತಪ್ಪು ಇರುವ ಮಾದರಿಗಳೂ ಇರುತ್ತವೆ.

ಇದು ಹೊಸ ವಿಚಾರವೂ ಅಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 1994ರಲ್ಲೇ ವೆಬ್ಬಿನಲ್ಲಿ ಕಪ್ಪೆ ಡಿಸೆಕ್ಷನ್ (ಕೊಯ್ದು ಒಳಗೆ ನೋಡುವುದು) ಇಟ್ಟಿತ್ತು. ನಮ್ಮಲ್ಲಿ ಚೆನ್ನೈನ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್‌ನವರು ಇದಕ್ಕೇ ಕಾಂಪ್ಯುಫ್ರಾಗ್ ಅನ್ನುವ ಸಾಫ್ಟ್‌ವೇರ್ ಮಾಡಿದ್ದರು. ಆಗ ನಾವು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ, ಕೈ ಪಳಗಬೇಕು ಅನ್ನುತ್ತಿದ್ದೆವು. 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪದವಿ ತರಗತಿಗಳಲ್ಲೂ ಡಿಸೆಕ್ಷನ್ ನಿಲ್ಲಿಸಿ ಅಂದಿತು. ಮಳೆಗಾಲದಲ್ಲಿ ಗದ್ದೆಯಿಂದ ಚೀಲ ತುಂಬ ಹಿಡಿದು ತಂದ ಕಪ್ಪೆಗಳನ್ನು ನೆನೆದರೆ, ಅದು ಇನ್ನೂ ಮೊದಲೇ ಬರಬೇಕಿತ್ತು ಅನಿಸುತ್ತದೆ.

ಉತ್ತರ 2: ಪ್ರೌಢಶಾಲೆ ವಿಜ್ಞಾನ ಶಿಕ್ಷಕ, ಶಿವಮೊಗ್ಗ ಜಿಲ್ಲೆ

ನೆಟ್ ನಂಬಬೇಡಿ. ಮನೆಯಲ್ಲೇ ಮಾದರಿಯನ್ನು ನಿಧಾನ ತಿರುಗಿಸುತ್ತಾ ಸ್ಕ್ರೀನ್ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಾನು ಮಾಡೋದು ಅದೇ.

ಇನ್ನೊಂದು ವಿಷಯ. ಪರದೆಗೆ ದಪ್ಪ, ತೆಳು ಗೊತ್ತಾಗಲ್ಲ. ಅದಕ್ಕೆ ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ ತರುತ್ತೇನೆ. ಹಿಂದಿನ ದಿನವೇ "ಸೀಳಬೇಡಪ್ಪ, ಮೇಲಿನ ನಾಳ ಇರಲಿ" ಅಂತ ಹೇಳಬೇಕು, ಇಲ್ಲಾಂದ್ರೆ ನಾಳ ಕತ್ತರಿಸಿಯೇ ಕೊಡುತ್ತಾರೆ. ಉದ್ದಕ್ಕೆ ಕೊಯ್ದರೆ ಎಡ ಕುಹರದ (ಕೆಳಗಿನ ಕೋಣೆಯ) ಗೋಡೆ ಎಷ್ಟು ದಪ್ಪ ಅಂತ ಮಕ್ಕಳು ಬೆರಳಲ್ಲೇ ಹಿಸುಕಿ ನೋಡುತ್ತಾರೆ. ನಾಲ್ಕು ಕೋಣೆ ಕೈಯಲ್ಲಿ ಹಿಡಿದ ಮೇಲೆ ಕಪ್ಪೆಯ ಮೂರು ಕೋಣೆ ಸುಲಭ. ಮುಟ್ಟಲು ಮನಸ್ಸಿಲ್ಲದ ಮಕ್ಕಳನ್ನು ಒತ್ತಾಯ ಮಾಡಬೇಡಿ, ಅವರು ಪರದೆ ನೋಡಿ ಬರೆಯಲಿ.

ಉತ್ತರ 3: ಪಶುವೈದ್ಯ ವಿದ್ಯಾರ್ಥಿನಿ

ಮೇಡಂ, ನಾನು ಪಿಯುನಲ್ಲಿ ಇಂಥದ್ದರಲ್ಲೇ ಕಲಿತವಳು. ಒಂದೇ ತೊಂದರೆ. ಕ್ಲಿಕ್ ಮಾಡಿದರೆ ಹೆಸರು ಬರುತ್ತದೆ, ಗೊತ್ತಾಯ್ತು ಅನಿಸುತ್ತದೆ, ಮರುದಿನ ಒಂದೂ ನೆನಪಿರಲ್ಲ. ನಮ್ಮ ಸರ್ ಹೆಸರುಗಳನ್ನು ಮರೆಮಾಡಿ, ಹಿಂಬದಿ ತೋರಿಸಿ, ಮೊದಲು ರೆಕಾರ್ಡ್ ಬುಕ್‌ನಲ್ಲಿ ಬರೆಯಿರಿ ಅನ್ನುತ್ತಿದ್ದರು. ಆಮೇಲೆ ಹೆಸರು. ಆ ಚಿತ್ರಗಳು ಇನ್ನೂ ನನ್ನ ಹತ್ತಿರ ಇವೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ

ಮೂವರಿಗೂ ತುಂಬಾ ಧನ್ಯವಾದ. ಮೂರು ಮಾದರಿ ನೋಡಿದೆ, ಎರಡರಲ್ಲಿ ಸೈನಸ್ ವಿನೋಸಸ್ ಇರಲಿಲ್ಲ. ಮೂರನೆಯದನ್ನು ರೆಕಾರ್ಡ್ ಮಾಡಿ ಹೆಸರಿಲ್ಲದೆ ಹಾಕಿದೆ. ಹೃದಯ ಹಿಂದಕ್ಕೆ ತಿರುಗಿದಾಗ ಕ್ಲಾಸು ಸುಮ್ಮನಾಯಿತು. ಆ ಹುಡುಗಿ ಸೈನಸ್ ವಿನೋಸಸ್ ಅನ್ನು ತ್ರಿಕೋನದ ಹಾಗೆ ಬರೆದು, ಮೂರು ವೀನಾ ಕೇವಾ (ರಕ್ತ ತರುವ ದೊಡ್ಡ ನಾಳಗಳು) ಅದಕ್ಕೆ ಸೇರುವುದನ್ನೂ ಬರೆದಿದ್ದಳು. ನಾನು ಇನ್ನೂ ಹೇಳಿಕೊಟ್ಟಿರಲಿಲ್ಲ. ಶನಿವಾರಕ್ಕೆ ಗುಂಡಿಗೆ ಹೇಳಿಟ್ಟಿದ್ದೇನೆ.