ಸರ್ ಹಿಂದೆ ನಿಂತ್ರೆ ಕೈ ಮರಗಟ್ಟುತ್ತೆ, ಕ್ಲಾಸ್ ಬಿಟ್ಬಿಡ್ಲಾ?

ಹಳೇನೋಟ್‌ಬುಕ್:
ಹದಿನೈದು ವರ್ಷ ಆದ್ಮೇಲೆ ಮತ್ತೆ ಕಲಿಯೋಕೆ ಸೇರಿದೀನಿ, ಸಂಜೆ ಕಂಪ್ಯೂಟರ್ ಕ್ಲಾಸ್. ಚಿಕ್ಕವಳಿದ್ದಾಗ ಮನೇಲಿ ತುಂಬಾ ಹೊಡೆತ ತಿಂದಿದೀನಿ, ಬೇರೇದೂ ಆಗಿದೆ, ಅದನ್ನ ಇಲ್ಲಿ ಬರೆಯಲ್ಲ. ಸರ್ ಒಳ್ಳೆಯವ್ರೇ, ಬೈಯೋದೂ ಇಲ್ಲ, ಆದ್ರೆ ಸ್ಕ್ರೀನ್ ನೋಡೋಕೆ ಅಂತ ಬಂದು ಕುರ್ಚಿ ಹಿಂದೆ ನಿಂತ್ರೆ ಸಾಕು ಕೈ ಮೌಸ್ ಮೇಲೇ ಮರಗಟ್ಟಿ ಹೋಗುತ್ತೆ, ಹೇಳಿದ್ದು ಒಂದಕ್ಷರ ತಲೆಗೆ ಹೋಗಲ್ಲ, ಆಮೇಲೆ ಮನೆಗೆ ಬಂದು ನಾನೇ ದಡ್ಡಿ ಅಂತ ಅಳ್ತಾ ಕೂರ್ತೀನಿ. ಟ್ರಾಮಾ, ಅಂದ್ರೆ ಮನಸ್ಸಿಗೆ ಬಿದ್ದ ಆಳವಾದ ಪೆಟ್ಟಿನ ಬಗ್ಗೆ ಪಾಠ ಮಾಡೋ ಗುಂಪುಗಳಿವೆ, ಸೇರ್ಕೋ ಅಂದ್ರು ಗೆಳತಿ. ಹಳೇದೆಲ್ಲ ಕೆದಕಿದಂಗಾಗಲ್ವಾ?

ದಾರಿಹೋಕ:
ಹಳೇದನ್ನ ಮರ್ತು ಮುಂದೆ ಹೋಗ್ರಿ ಮೇಡಂ, ಅಷ್ಟೇ.

ಚಾಕ್‌ಪೀಸ್:
ದಾರಿಹೋಕ ಅವ್ರೇ, ಮರೆಯೋದು ಅಷ್ಟು ಸುಲಭ ಇದ್ದಿದ್ರೆ ಅವ್ರು ಇಲ್ಲಿ ಕೇಳ್ತಾನೇ ಇರ್ಲಿಲ್ಲ.
ನಾನು ದೊಡ್ಡವ್ರಿಗೇ ಪಾಠ ಮಾಡೋಳು. ನಿಮ್ದು ದಡ್ಡತನ ಅಲ್ಲ ಕಣ್ರೀ. ಅಪಾಯ ಅಂತ ಅನಿಸಿದ ಕ್ಷಣ ಮೆದುಳಲ್ಲಿ ಅಪಾಯ ಗುರುತಿಸೋ ಅಮಿಗ್ಡಲಾ ಅನ್ನೋ ಭಾಗ ಮೊದಲು ಎಚ್ಚರ ಆಗುತ್ತೆ, ಯೋಚನೆ ಮಾಡೋ ಮುಂಭಾಗದ ಕೆಲಸ ಮಂಕಾಗುತ್ತೆ, ಪಾಠ ಕಿವಿಗೆ ಬಿದ್ರೂ ಒಳಗೆ ನಿಲ್ಲಲ್ಲ. ಓಡೋದು, ತಿರುಗಿ ಬೀಳೋದು ಹೇಗೋ ಮರಗಟ್ಟೋದೂ ಹಾಗೇ, ಮೈ ತನ್ನನ್ನ ಕಾಪಾಡ್ಕೊಳೋ ರೀತಿ. ಇದು ಗೊತ್ತಿಲ್ದೇ ಇದ್ದಾಗ ನಾನೂ ಒಂದು ತಪ್ಪು ಮಾಡಿದೀನಿ: ಒಬ್ರು ದಿನಾ ಬಾಗಿಲ ಪಕ್ಕದ ಕುರ್ಚಿನೇ ಹಿಡೀತಿದ್ರು, ಪಾಠದ ಮೇಲೆ ಗಮನ ಇಲ್ಲ ಅಂದ್ಕೊಂಡು ಮುಂದಿನ ಸಾಲಿಗೆ ಕರೆದು ಕೂರ್ಸಿದೆ, ಮಾರನೇ ದಿನದಿಂದ ಬರ್ಲೇ ಇಲ್ಲ. ಈಗ ಕೇಳ್ದೇ ಯಾರ ಹಿಂದೇನೂ ನಿಲ್ಲಲ್ಲ. ಇಂಥ ನೋವುಂಡವ್ರ ಜೊತೆ ಹೇಗೆ ನಡ್ಕೋಬೇಕು ಅಂತ ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಸ್ಯಾಮ್‌ಸಾ 2014ರಲ್ಲಿ ಕೊಟ್ಟ ಆರು ತತ್ವಗಳಲ್ಲಿ ಮೊದಲ್ನೇದೇ ಸುರಕ್ಷತೆ. ಕಾರಣ ಹೇಳೋ ಅಗತ್ಯ ಇಲ್ಲ, 'ಪಕ್ಕದಿಂದ ಬನ್ನಿ ಸರ್' ಅಂದ್ರೆ ಸಾಕು.

ಕಿಟಕಿಪಕ್ಕ:
ಅಕ್ಕಾ, ಕೆದಕೋದು ಬೇರೆ, ತಿಳ್ಕೊಳೋದು ಬೇರೆ. ನಾನೂ ಅದೇ ದಾರೀಲಿ ಬಂದೋಳು. ಮೊದಲು ಹೋದ ವರ್ಕ್‌ಶಾಪಲ್ಲಿ ಕಣ್ಣು ಮುಚ್ಚಿ ಬಾಲ್ಯದ ನೆನಪು ಬರೀರಿ ಅಂದ್ರು, ಎರಡು ರಾತ್ರಿ ನಿದ್ದೆ ಇಲ್ಲ, ಮತ್ತೆ ಹೋಗ್ಲಿಲ್ಲ. ಎರಡನೇ ಗುಂಪಲ್ಲಿ ಶುರುವಲ್ಲೇ ಹೇಳಿದ್ರು, ಯಾರೂ ತಮ್ಮ ಕಥೆ ಹೇಳ್ಬೇಕಿಲ್ಲ, ಬೇಕಾದಾಗ ಎದ್ದು ಆಚೆ ಹೋಗ್ಬಹುದು, ಇವತ್ತು ಏನೇನು ಮಾಡ್ತೀವಿ ಅಂತ ಬೋರ್ಡ್ ಮೇಲೆ ಬರೆದಿದ್ರು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಹೇಳಿದಾರಲ್ಲ, ಚೇತರಿಸ್ಕೊಳೋಕೆ ಮೊದಲು ಸುರಕ್ಷತೆ, ಆಮೇಲೆ ನೆನಪು, ದುಃಖ, ಆಮೇಲೆ ಜನರ ಜೊತೆ ಮತ್ತೆ ಬೆರೆಯೋದು ಅಂತ. ಸೇರೋ ಮುಂಚೆ ಇದನ್ನೆಲ್ಲ ಫೋನ್ ಮಾಡಿ ಕೇಳಿ. ಹಾರಿಕೆ ಉತ್ತರ ಕೊಟ್ರೆ ಆ ಗುಂಪು ಬೇಡ. ಮತ್ತೆ, ಕ್ಲಾಸ್ ಅನ್ನೋದು ಚಿಕಿತ್ಸೆ ಅಲ್ಲ, ರಾತ್ರಿ ಹಳೇದೇ ಕಣ್ಮುಂದೆ ಬರೋದು, ಬದುಕೇ ಬೇಡ ಅನ್ಸೋದು ಇದ್ರೆ ಥೆರಪಿಸ್ಟ್ ಹತ್ರ ಹೋಗ್ಲೇಬೇಕು, ತಡ ಮಾಡ್ಬೇಡಿ.

ಹಳೇನೋಟ್‌ಬುಕ್:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸರ್‌ಗೆ ಹೇಳ್ದೆ, ಧ್ವನಿ ನಡುಗ್ತಿತ್ತು, ಅವ್ರು 'ಓ ಸರಿ' ಅಂದು ಪಕ್ಕದ ಕುರ್ಚಿ ಎಳ್ಕೊಂಡು ಕೂತ್ರು, ಅಷ್ಟೇ. ಎಕ್ಸೆಲ್ ಫಾರ್ಮುಲಾ ನಾನೇ ಹಾಕ್ದೆ. ಉತ್ತರ ತಪ್ಪು ಬಂತು, ಅದು ಬೇರೆ ವಿಷ್ಯ.